ಮಾವನ ಕಾಯ್ದೆ, ಪಿಳ್ಳಮ್ಮನ ಗೇಣು

ನಮ್ಮ ಸೋದರಮಾವನಿಗೆ ಬದುಕಿರುವವರಿಗಿಂತ ಸತ್ತವರ ಮೇಲೆ ಪ್ರೀತಿ ಹೆಚ್ಚು. ಅದರಲ್ಲೂ ಸತ್ತು ಐವತ್ತು ವರ್ಷ ದಾಟಿದವರೆಂದರೆ ಮುಗಿಯಿತು, ಊಟ ತಿಂಡಿ ಬಿಟ್ಟು ಅವರ ಹಿಂದೆ ಹೊರಡುತ್ತಿದ್ದರು. ನಲವತ್ತೊಂಬತ್ತು ವರ್ಷವಾದವರ ಬಗ್ಗೆ ಸ್ವಲ್ಪ ಅಸಹನೆ. ಹತ್ತು ಹದಿನೈದು ವರ್ಷದ ಹಿಂದಷ್ಟೇ ತೀರಿಕೊಂಡವರನ್ನಂತೂ ‘ಅವರಿನ್ನೂ ಹಸಿ’ ಎಂದು ಪಕ್ಕಕ್ಕೆ ಸರಿಸಿಬಿಡುತ್ತಿದ್ದರು. ಇನ್ನು ಉಸಿರಾಡಿಕೊಂಡು ಓಡಾಡುವ ನಮ್ಮಂಥವರ ಗತಿ? ನಮ್ಮನ್ನು ನೋಡುವ ನೋಟದಲ್ಲೇ ಒಂದು ಬಗೆಯ ನಿರಾಶೆ ಇರುತ್ತಿತ್ತು!

ಇಷ್ಟು ಕೇಳಿದ ಕೂಡಲೇ ನೀವು ಸ್ಮಶಾನ, ಮಾಟ, ತಾಯಿತ ಎಂದೆಲ್ಲ ಊಹಿಸಿಕೊಳ್ಳಬೇಡಿ. ಮಾವ ದಾವಣಗೆರೆ ಕಡೆಯಿಂದ ಬಂದು, ಚಿಕ್ಕಬಾಣಾವರದಲ್ಲಿ ಮನೆ ಮಾಡಿಕೊಂಡು, ಪೀಣ್ಯದ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೆಲಸಕ್ಕಿದ್ದ ಸಭ್ಯ ಮನುಷ್ಯ. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಅಳತೆಯ ವರ್ನಿಯರ್. ಲೇತಿನಿಂದ ಇಳಿದುಬಂದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಪಾಸು, ಇಲ್ಲದಿದ್ದರೆ ರಿಜೆಕ್ಟು ಎನ್ನುವುದು ಅವರ ಉದ್ಯೋಗ. ಅದಕ್ಕೊಂದು ಉಪಕರಣ ಉಂಟು, ಗೋ-ನೋಗೋ ಗೇಜ್ ಎನ್ನುತ್ತಾರೆ. ಅದರ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಅಷ್ಟೇ. ‘ಪರವಾಗಿಲ್ಲ ಬಿಡಿ ಸಾರ್’ ಎಂಬ ಮೂರನೆಯ ತುದಿಯನ್ನು ಅದಕ್ಕೆ ಯಾರೂ ಇಟ್ಟಿಲ್ಲ. ದೇವರು ಮಾವನನ್ನೂ ಅದೇ ನಕ್ಷೆ ನೋಡಿಕೊಂಡು ಮಾಡಿದ್ದ.

ಇಂಥವರನ್ನು ಕಾರ್ಖಾನೆಯ ಕನ್ನಡ ಸಂಘದವರು ಪುಸ್ತಕದ ಕೆಲಸಕ್ಕೆ ಹಾಕಿಕೊಂಡರು. ಪೀಣ್ಯದ ಕನ್ನಡ ಸಂಘಗಳು ನಿಮಗೆ ಗೊತ್ತೇ ಇವೆ: ನವೆಂಬರ್ ಬಂತೆಂದರೆ ಗೇಟಿಗೆ ಕೆಂಪು ಹಳದಿ ಬಟ್ಟೆ, ಕ್ಯಾಂಟೀನಿನಲ್ಲಿ ಸಿಹಿ, ಸಂಜೆಗೆ ಆರ್ಕೆಸ್ಟ್ರಾ. ಈ ಸಂಘದವರಿಗೆ ಇನ್ನೂ ಒಂದು ಹುಮ್ಮಸ್ಸಿತ್ತು. ಅಂಗಡಿಯಲ್ಲಿ ಸಿಗದಂತಾದ ಒಂದು ಹಳೆಯ ಕನ್ನಡ ಪುಸ್ತಕವನ್ನು ರಾಜ್ಯೋತ್ಸವಕ್ಕೆ ಮರುಮುದ್ರಿಸಿ ಕಾರ್ಮಿಕರಿಗೆ ಹಂಚುವುದು. ಫೌಂಡ್ರಿ ಕಡೆಯ ಕಾರ್ಯದರ್ಶಿ, “ಬರೆದೋರು ಹೋಗ್ಬಿಟ್ಟಿದಾರೆ, ಯಾರು ಕೇಳ್ತಾರೆ ಸಾರ್? ಹಾಕ್ಬಿಡಿ” ಎಂದನಂತೆ. ಮಾವ ಕನ್ನಡಕದ ಮೇಲಿಂದ ನೋಡಿದರು.

“ಹೊಲದಾಗ ಮಾಲೀಕ ಕಾಣವಲ್ಲ ಅಂದ್ರ ಬೆಳಿ ಕೊಯ್ಕೊಂಡು ಬರ್ತೀಯೇನಪಾ?”

ಅಲ್ಲಿಂದ ಶುರುವಾಯಿತು ನಮ್ಮ ಮನೆತನದ ಕಷ್ಟ. ಆಗಿನ ಕಾಯ್ದೆಯ ಪ್ರಕಾರ, ಬರೆದವರು ತೀರಿಕೊಂಡು ಐವತ್ತು ವರ್ಷವಾಗುವ ತನಕ ಪುಸ್ತಕ ಅವರ ವಾರಸುದಾರರದು. ಐವತ್ತು ತುಂಬಿದ ವರ್ಷದ ಡಿಸೆಂಬರ್ ಮೂವತ್ತೊಂದಕ್ಕೆ ಅವರ ಹಕ್ಕು ಮುಗಿಯಿತು. ಜನವರಿ ಒಂದರಿಂದ ಅದು ಊರೊಟ್ಟಿನ ಸ್ವತ್ತು, ಕೆರೆಯ ನೀರಿದ್ದ ಹಾಗೆ. ಹೀಗಾಗಿ ಜನವರಿ ಒಂದು ಮಾವನ ಮನೆಯಲ್ಲಿ ದೊಡ್ಡ ಹಬ್ಬ. ಅಕ್ಕಪಕ್ಕದವರು ಕೇಕು ಕತ್ತರಿಸುವಾಗ ಇಲ್ಲಿ ಅತ್ತೆ ಶಾವಿಗೆ ಪಾಯಸ ಮಾಡಬೇಕು. ‘ಇವತ್ತು ನಮ್ಮವರು ಮೂರು ಮಂದಿ ಬಿಡುಗಡೆ ಆದ್ರು’ ಎಂದು ಮಾವ ಬೀದಿಯಲ್ಲಿ ಹೇಳಿಕೊಂಡು ಬಂದದ್ದರಿಂದ, ಆ ಕುಟುಂಬದಲ್ಲಿ ಜೈಲಿಗೆ ಹೋದವರು ಬಹಳ ಮಂದಿ ಇದ್ದಾರೆಂದು ಎದುರು ಮನೆಯವರು ಇವತ್ತಿಗೂ ನಂಬಿದ್ದಾರೆ.

ಬರೆದವರು ಸತ್ತ ವರ್ಷ ತಿಳಿಯದೆ ಇದ್ಯಾವುದೂ ನಡೆಯುವುದಿಲ್ಲವಲ್ಲ? ಆದ್ದರಿಂದ ಮಾವ ಕಂಡ ಕಂಡವರನ್ನು ಕೇಳತೊಡಗಿದರು. ಒಮ್ಮೆ ರಾಜಾಜಿನಗರದ ಛತ್ರದಲ್ಲಿ ಒಂದು ಮದುವೆ. ವರನ ಮುತ್ತಜ್ಜ ಹಿಂದೆ ಜ್ವರಗಳ ಮೇಲೆ ಒಂದು ಪುಸ್ತಕ ಬರೆದಿದ್ದರೆಂಬ ಸುಳಿವು ಮಾವನಿಗೆ ಪಂಕ್ತಿಯಲ್ಲಿ ಸಿಕ್ಕಿಬಿಟ್ಟಿತು. ವರನ ತಂದೆ ಕೈ ಮುಗಿದುಕೊಂಡು, ನಿಧಾನವಾಗಿ ಊಟ ಮಾಡಿ ಎನ್ನುತ್ತ ಬಂದರು. ಮಾವ ಹೋಳಿಗೆ ಮುರಿಯುತ್ತ, ಊಟ ಭೇಷಾಗಿದೆಯೆಂದು ಹೊಗಳಿ, ಅದೇ ಉಸಿರಿನಲ್ಲಿ, ನಿಮ್ಮ ಅಜ್ಜಾರು ತೀರಿಕೊಂಡದ್ದು ಯಾವಾಗ ಎಂದು ಕೇಳಿದರು. ಮಂಗಳ ಕಾರ್ಯ, ಹಿಂದೆ ವಾಲಗ ಬೇರೆ. ಆ ಸಜ್ಜನರು ಬೆವರು ಒರೆಸಿಕೊಂಡು, ನಾನು ಹುಟ್ಟುವುದಕ್ಕೂ ಬಹಳ ಮುಂಚೆಯೇ ಅಂತೆ ಎಂದರು. ಮಾವನ ಮುಖ ಅರಳಿತು.

“ಭಾಳ ಸಂತೋಷ ಆತು ನೋಡ್ರಿ” ಎಂದು ಹೇಳಿ, ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಅತ್ತೆ ಅಲ್ಲಿಂದಾಚೆಗೆ ಊಟ ಮಾಡಲಿಲ್ಲ. ತಾಂಬೂಲದ ಚೀಲ ಕೈಗೆ ಬರುವ ತನಕ ಯಾರ ಸಾವನ್ನೂ ವಿಚಾರಿಸುವುದಿಲ್ಲ ಎಂದು ಚಪ್ಪಲಿ ಬಿಡುವ ಜಾಗದಲ್ಲೇ ನಿಲ್ಲಿಸಿಕೊಂಡು ಆಣೆ ಮಾಡಿಸಿದ ಮೇಲೆಯೇ ಅವರು ಮಾವನನ್ನು ಮುಂದಿನ ಮದುವೆಗಳಿಗೆ ಕರೆದೊಯ್ದದ್ದು.

ಇನ್ನೊಂದು ಸಲ ಬಸವನಗುಡಿಯ ಒಂದು ವಿಳಾಸ ಸಿಕ್ಕಿತು. ಲೇಖಕರು ಎಂದೋ ಕಣ್ಮರೆಯಾಗಿರಬೇಕೆಂಬ ಭರವಸೆಯ ಮೇಲೆ ಮಾವ ಹೋಗಿ ಬಾಗಿಲು ತಟ್ಟಿದರು. ತೆರೆದವರು ತೊಂಬತ್ತರ ಹತ್ತಿರದ ಒಬ್ಬ ಮುದುಕರು. ಏನಾಗಬೇಕಿತ್ತು ಎಂದು ಕೇಳಿದ್ದಕ್ಕೆ, ಇಂಥವರು ಯಾವಾಗ ತೀರಿಕೊಂಡರೆಂದು ತಿಳಿಯಬೇಕಿತ್ತು ಎಂದರು ಮಾವ, ವಿನಯದಿಂದ. ಮುದುಕರು ಒಂದು ಗಳಿಗೆ ಯೋಚಿಸಿ, “ಇನ್ನೂ ಇಲ್ಲ. ಒಳಗೆ ಬನ್ನಿ, ಕಾಫಿ ಕುಡಿಯೋಣ” ಎಂದರಂತೆ. ಮನೆಗೆ ಬಂದು ಇದನ್ನು ಹೇಳುವಾಗ ಮಾವನ ಮುಖ ಚಿಕ್ಕದಾಗಿತ್ತು. ಬದುಕಿದ್ದಾರೆಂದರೆ ಸಂತೋಷಪಡಬೇಕಪ್ಪ ಎಂದು ಅತ್ತೆ ರೇಗಿದರು. ಸಂತೋಷವೇ, ಆದರೆ ಗೇಜ್ ಒಳಗೆ ಹೋಗಲಿಲ್ಲವಲ್ಲ ಎಂದರು ಮಾವ.

ಅವರಿಗೆ ನಿಜವಾದ ತಲೆನೋವೆಂದರೆ ನಮ್ಮ ಜನದ ನೆನಪಿನ ರೀತಿ. ಯಾವ ಮನೆಗೆ ಹೋದರೂ ಹಿರಿಯರು ಹೋದ ಮಾಸ ಗೊತ್ತು, ಪಕ್ಷ ಗೊತ್ತು, ತಿಥಿ ಗೊತ್ತು, ಅವತ್ತು ಏನು ಅಡುಗೆ ಮಾಡಬೇಕೆಂಬುದೂ ಗೊತ್ತು. ಗೊತ್ತಿಲ್ಲದಿರುವುದು ಒಂದೇ, ವರ್ಷ. ಕಾಯ್ದೆಗೋ ಮಿಕ್ಕಿದ್ದೇನೂ ಬೇಡ, ವರ್ಷ ಒಂದೇ ಸಾಕು! ಇದಕ್ಕೆ ಮಾವ ಒಂದು ಪರಿಹಾರ ಕಂಡುಹಿಡಿದಿದ್ದರು. ಐವತ್ತೆಂಬುದು ಎಲ್ಲಿಯ ಲೆಕ್ಕ? ಅದನ್ನು ಅರವತ್ತು ಮಾಡಿದರೆ ಪ್ರಭವದಿಂದ ಅಕ್ಷಯದ ತನಕ ಸಂವತ್ಸರದ ಸುತ್ತು ಒಂದು ಮುಗಿಯುತ್ತದೆ; ಯಾವ ಸಂವತ್ಸರದಲ್ಲಿ ಹೋದರೋ ಅದೇ ಸಂವತ್ಸರ ತಿರುಗಿ ಬಂದಾಗ ಬಿಡುಗಡೆ ಎಂದರಾಯಿತು, ಹಳ್ಳಿಯವರಿಗೂ ತಿಳಿಯುತ್ತದೆ. ದೆಹಲಿಯವರಿಗೆ ಪಂಚಾಂಗ ಗೊತ್ತಿಲ್ಲ ಎಂಬುದು ಅವರ ಖಾಯಂ ದೂರು. ಇದನ್ನೆಲ್ಲ ಕೇಳಲು ದೆಹಲಿಯವರು ಸಿಗದ ಕಾರಣ ನಾನು ಕೇಳುತ್ತಿದ್ದೆ. ನನ್ನ ಹತ್ತಿರ ಸ್ಕೂಟರ್ ಇದ್ದದ್ದೇ ನನ್ನ ತಪ್ಪು.

ತೊಂಬತ್ತೊಂದನೇ ಇಸವಿಯಲ್ಲಿ ಮಾವನ ಕೈಗೆ ಆ ಪುಸ್ತಕ ಬಂತು. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಸಿಕ್ಕ, ಅಂಗೈಯಲ್ಲಿ ಹಿಡಿಯಬಹುದಾದ ಮೂವತ್ತೆರಡು ಪುಟದ ಹೊತ್ತಗೆ. ಹೆಸರು ‘ನಮ್ಮೂರ ಅಳತೆ’. ಮಹದೇವಪುರದ ಪಕ್ಕದ ಒಂದು ಹಳ್ಳಿಯ ಶಾಲೆಯ ಮೇಷ್ಟ್ರು ಮಕ್ಕಳಿಗಾಗಿ ಬರೆದದ್ದು. ಊರಿನಲ್ಲಿರುವುದನ್ನೆಲ್ಲ ಅವರು ಕೈಯಲ್ಲೇ ಅಳೆದಿದ್ದರು. ಹುಣಸೆ ಮರದ ಸುತ್ತು ಎಷ್ಟು ಗೇಣು, ಕುಂಬಾರನ ತಿಗರಿ ಎಷ್ಟು ಗೇಣು, ಗೌಡರ ಮನೆಯ ಹೊಸ್ತಿಲು ಎಷ್ಟು ಗೇಣು, ಬಡವನ ಮನೆಯ ಹೊಸ್ತಿಲು ಎಷ್ಟು ಗೇಣು. ಮೊದಲ ಪುಟದಲ್ಲೇ ಬರೆದಿತ್ತು: ‘ಇಲ್ಲಿ ಗೇಣು ಎಂದರೆ ನನ್ನ ಮಗಳು ಪಿಳ್ಳಿಯ ಗೇಣು. ಈ ಪುಸ್ತಕದ ಉದ್ದವೂ ಅವಳ ಒಂದು ಗೇಣೇ.’

ಜೀವಮಾನವೆಲ್ಲ ಮೈಕ್ರಾನಿನ ಲೆಕ್ಕದಲ್ಲಿ ಕಳೆದ ಮನುಷ್ಯನಿಗೆ ಇದನ್ನು ಓದಿ ಸಿಟ್ಟು ಬರಬೇಕಿತ್ತು. ಮಾವ ಸ್ವಲ್ಪ ಸಿಟ್ಟಾದರು ಕೂಡ. ಯಾರ ಮಗಳು, ಎಷ್ಟು ವಯಸ್ಸು, ಯಾವ ಕೈ, ಬೆರಳು ಎಷ್ಟು ಚಾಚಿದ್ದು ಎಂದೆಲ್ಲ ನನ್ನ ಮೇಲೆ ಹರಿಹಾಯ್ದರು, ಪಿಳ್ಳಿ ನಾನೇ ಎಂಬಂತೆ. ಮೂಲ ಗೇಜ್ ನೋಡದೆ ಯಾವ ಅಳತೆಯನ್ನೂ ಪಾಸು ಮಾಡಬಾರದೆಂಬುದು ಇನ್‌ಸ್ಪೆಕ್ಷನ್ನಿನ ಮೊದಲ ಪಾಠವಂತೆ. ಆದರೆ ರಾತ್ರಿ ಊಟಕ್ಕೆ ಕೂತಾಗ ಅವರು ತಟ್ಟೆಯನ್ನು ಗೇಣಿನಲ್ಲಿ ಅಳೆಯುತ್ತಿದ್ದದ್ದನ್ನು ಅತ್ತೆಯೂ ನೋಡಿದರು, ನಾನೂ ನೋಡಿದೆ. ಈ ನವೆಂಬರಿಗೆ ಇದೇ ಪುಸ್ತಕ ಎಂದು ತೀರ್ಮಾನವಾಯಿತು. ಮೇಷ್ಟ್ರು ಹೋದದ್ದು ಯಾವಾಗ ಎಂಬುದೊಂದೇ ಬಾಕಿ.

ಗಣೇಶನ ಹಬ್ಬ ಕಳೆದ ಭಾನುವಾರ ಮೇಷ್ಟ್ರ ಊರಿಗೆ ಸ್ಕೂಟರ್ ಹೊರಟಿತು. ಆ ದಿನಗಳಲ್ಲಿ ವೈಟ್‌ಫೀಲ್ಡ್ ಕಡೆಯೆಲ್ಲ ಒಂದೇ ಗುಸುಗುಸು: ಯಾವುದೋ ದೊಡ್ಡ ಕಂಪನಿಗಳು ಬರುತ್ತವೆ, ಸರ್ಕಾರ ಜಮೀನು ಹಿಡಿಯುತ್ತದೆ ಎಂದು. ಅಂಥ ಊರಿಗೆ, ಕೈಯಲ್ಲಿ ಫೈಲು, ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡ ಒಬ್ಬ ಮನುಷ್ಯ ಇಳಿದು, ‘ಮೇಷ್ಟ್ರ ವಾರಸುದಾರರು ಯಾರ್ಯಾರು? ಅವರು ತೀರಿಕೊಂಡದ್ದು ಯಾವಾಗ? ಎಲ್ಲರೂ ಸಹಿ ಹಾಕಬೇಕಾಗುತ್ತದೆ’ ಎಂದು ಕೇಳಿದರೆ ಏನಾಗಬೇಕು? ಬೀಡಿ ಹಚ್ಚಿದವನು ಅದನ್ನು ಆರಿಸುವಷ್ಟರಲ್ಲಿ ಅರ್ಧ ಊರು ಸೇರಿತ್ತು.

ಮೇಷ್ಟ್ರ ಗಂಡುಮಕ್ಕಳಿಬ್ಬರೂ ಕಾಲವಾಗಿದ್ದರು. ಮೊಮ್ಮಕ್ಕಳು ಮುನಿರಾಜು, ನಂಜಪ್ಪ ಎಂಬಿಬ್ಬರು, ಎದುರುಬದುರು ಮನೆ, ಮಧ್ಯೆ ಒಂದು ಗೋಡೆ, ಗೋಡೆಗಿಂತ ಎತ್ತರದ ಒಂದು ಕೋರ್ಟು ಕೇಸು. ಮುನಿರಾಜು ಬಿಳಿ ಷರಟು ಹಾಕಿಕೊಂಡು ಬಂದು ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

“ಯಾವ ಸರ್ವೆ ನಂಬ್ರು ಸಾರ್?”

“ನಂಬರ್ ಇಲ್ಲ. ಮೂವತ್ತೆರಡು ಪುಟ ಅದಾವು” ಎಂದರು ಮಾವ.

“ಒಟ್ಟು ಎಷ್ಟು ಗುಂಟೆ ಬತ್ತದೆ?”

ಕೇಳಿದ ಪ್ರಶ್ನೆಗೆ ನಿಖರವಾಗಿ ಉತ್ತರಿಸುವುದು ಮಾವನ ದೌರ್ಬಲ್ಯ. ಪುಸ್ತಕ ತೆಗೆದು, ವರ್ನಿಯರ್ ಇಟ್ಟು, ಉದ್ದ ಅಗಲ ಹೇಳಿದರು. ಇದನ್ನು ಯಾವುದೋ ಹೊಸ ಬಗೆಯ ಸರ್ವೆ ಎಂದು ತಿಳಿದು ಜನ ಹಿಂದೆ ಸರಿದರು. ಅಷ್ಟರಲ್ಲಿ ಎದುರು ಮನೆಯಿಂದ ನಂಜಪ್ಪ ಧಾವಿಸಿ ಬಂದ. ಅಣ್ಣತಮ್ಮಂದಿರು ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತಂತೆ. ಅವತ್ತು ಮಾವನ ದೆಸೆಯಿಂದ ಮತ್ತೆ ಮಾತಾಡಿದರು. “ಮಾರ್ಬುಟ್ಯಾ ಕೊನೇಗೂ?” ಎಂದ ನಂಜಪ್ಪ. ಆಮೇಲಿನ ಮಾತುಗಳನ್ನು ಅಚ್ಚು ಹಾಕುವ ಹಕ್ಕು ನನಗಿಲ್ಲ.

ಗದ್ದಲದ ನಡುವೆ ಯಾರೋ ಒಬ್ಬರು, ಹಾಗಾದರೆ ಪಿಳ್ಳಮ್ಮನ ಸಹಿಯೂ ಬೇಕಲ್ಲ ಎಂದರು. ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಮಾವ ಮಾತ್ರ ಕುರ್ಚಿಯಿಂದ ಅರ್ಧ ಎದ್ದರು. ‘ಪಿಳ್ಳಿ ಇದಾರೇನ್ರಿ?’ ಎಂದು ಕೇಳಿದ ಧ್ವನಿಯಲ್ಲಿ, ಬದುಕಿರುವವರ ಬಗ್ಗೆ ಅವರಿಗೆ ಹಿಂದೆಂದೂ ಇರದಿದ್ದ ಒಂದು ಆಸೆ ಇತ್ತು.

ಇದ್ದರು. ಪಕ್ಕದ ಊರಿಗೆ ಕೊಟ್ಟಿದ್ದ ಮೇಷ್ಟ್ರ ಮಗಳು, ಈಗ ಅರವತ್ತರ ಅಂಚಿನವರು. ವಿಷಯ ನಮಗೆ ತಿಳಿದದ್ದು ಟೀ ಅಂಗಡಿಯಲ್ಲಿ. ಜಮೀನು ಭಾಗವಾದಾಗ ಪಿಳ್ಳಮ್ಮ ತನಗೇನೂ ಬೇಡವೆಂದು ಹೆಬ್ಬೆಟ್ಟು ಒತ್ತಿದರಂತೆ, ತವರಿನ ಅರಿಶಿನ ಕುಂಕುಮ ಒಂದಿದ್ದರೆ ಸಾಕು ಎಂದು. ಅಣ್ಣಂದಿರು ಇರುವ ತನಕ ಅದು ನಡೆಯಿತು. ಅವರ ಮಕ್ಕಳ ಕಾಲಕ್ಕೆ, ಅತ್ತೆಯನ್ನು ಕರೆಯಬೇಕಾದವನು ನೀನೋ ನಾನೋ ಎಂಬ ಜಗಳದಲ್ಲಿ ಇಬ್ಬರೂ ಕರೆಯುವುದನ್ನು ಬಿಟ್ಟರು. ಮಾಳಯ ಅಮಾವಾಸ್ಯೆಯ ಎಡೆಗೆ ಮಾತ್ರ ಅವರು ಕರೆಯದಿದ್ದರೂ ಬರುತ್ತಾರೆ, ಬಂದು ಅಪ್ಪನ ಎಡೆಗೆ ಕೈ ಮುಗಿದು ಹೋಗುತ್ತಾರೆ. ಅವತ್ತು ಬನ್ನಿ, ಮಾತಿಲ್ಲದಿದ್ದರೂ ಎಡೆ ಮಾತ್ರ ಒಟ್ಟಿಗೇ ಇಡುತ್ತಾರೆ, ಎಲ್ಲ ಒಂದೇ ಕಡೆ ಸಿಗುತ್ತಾರೆ ಎಂದ ಅಂಗಡಿಯವನು.

ಹೋದೆವು. ಹಿರಿಯರ ಹಬ್ಬವೆಂದರೆ ಆ ಕಡೆ ದೊಡ್ಡ ಹಬ್ಬ. ಗೋಡೆಯುದ್ದಕ್ಕೂ ಬಾಳೆಎಲೆ, ಹೊಸ ಪಂಚೆ, ಒಬ್ಬೊಬ್ಬ ಹಿರಿಯರಿಗೆ ಅವರವರ ಇಷ್ಟದ್ದು: ಒಬ್ಬರಿಗೆ ಬಾಡಿನ ಸಾರು, ಒಬ್ಬರಿಗೆ ಬ್ರಾಂದಿ, ಒಬ್ಬರಿಗೆ ಬೀಡಿಕಟ್ಟು. ವಿಭೂತಿ ಹಚ್ಚಿದ ನಮ್ಮ ಮಾವ ಮೂಗನ್ನು ಕಿಟಕಿಯ ಕಡೆಗೆ ಇಟ್ಟು, ಕಣ್ಣನ್ನು ಕರ್ತವ್ಯದ ಕಡೆಗೆ ಇಟ್ಟು ಕುಳಿತಿದ್ದರು. ಮೇಷ್ಟ್ರ ಎಲೆಯಲ್ಲಿ ಒಂದು ನಶ್ಯದ ಡಬ್ಬಿ, ಒಂದು ಸೀಮೆಸುಣ್ಣದ ತುಂಡು.

ಮಾವ ಕೇಳಿದರು. ಯಾರಿಗೂ ವರ್ಷ ಗೊತ್ತಿರಲಿಲ್ಲ. ಇಲ್ಲಂತೂ ತಿಥಿಯೂ ಇಲ್ಲ. “ಎಲ್ರಿಗೂ ಇವತ್ತೇ ಸ್ವಾಮಿ, ಒಬ್ಬೊಬ್ರುದ್ದು ಬ್ಯಾರೆ ಬ್ಯಾರೆ ಲೆಕ್ಕ ಯಾಕೆ?” ಎಂದರು ಒಬ್ಬ ಮುದುಕರು. ಭಾರತ ಸರ್ಕಾರದ ಕಾಯ್ದೆ ಆ ಬಾಳೆಎಲೆಯ ಮುಂದೆ ಕೈಕಟ್ಟಿ ನಿಂತುಕೊಂಡಿತು.

ಆಗ ಬಾಗಿಲ ಬಳಿ ಕೂತಿದ್ದ ಹೆಂಗಸು ಮೆಲ್ಲಗೆ ಹೇಳಿದರು. “ವೃಷ ಸಂವತ್ಸರ. ಇದೇ ಅಮಾಸೆ ಮುಂದೆ.”

ಎಲ್ಲರೂ ತಿರುಗಿದರು. ಪಿಳ್ಳಮ್ಮ ಸೆರಗು ಸರಿಮಾಡಿಕೊಂಡರು. “ಅಪ್ಪ ದಿನಾ ಬೆಳಗ್ಗೆ ಬೋರ್ಡ್ ಮ್ಯಾಲೆ ಸಂವತ್ಸರ, ತಿಂಗ್ಳು, ವಾರ ಎಲ್ಲ ಬರೀತಿತ್ತು. ತೀರ್ಕಂಡ ದಿನಾನೂ ಬರ್ದಿತ್ತು. ಒಸ ಮೇಷ್ಟ್ರು ಬರೋಗಂಟ ನಾನು ಅದ್ನ ಒರ್ಸಾಕೆ ಬಿಡ್ಲಿಲ್ಲ.”

ಮಾವ ಪಂಚಾಂಗದ ಲೆಕ್ಕ ಬೆರಳ ಮೇಲೆ ಎಣಿಸಿದರು. ನಲವತ್ತೊಂದನೇ ಇಸವಿ. ಈಗ ತೊಂಬತ್ತೊಂದು. ಅಂದರೆ ಐವತ್ತು ತುಂಬುವುದು ಇದೇ ವರ್ಷ. ಈ ಡಿಸೆಂಬರ್ ಮುಗಿದರೆ ಪುಸ್ತಕಕ್ಕೆ ಬಿಡುಗಡೆ. ಅಲ್ಲಿಯವರೆಗೆ ಮಾತ್ರ ಈ ಮನೆಯವರದು. ನಾನು ಮನಸ್ಸಿನಲ್ಲೇ ಪಾಯಸಕ್ಕೆ ಸಿದ್ಧನಾದೆ.

ಮಾವ ಪುಸ್ತಕ ತೆಗೆದು ಪಿಳ್ಳಮ್ಮನ ಕೈಗೆ ಕೊಟ್ಟರು. ಮನೆಯಲ್ಲಿದ್ದ ಪ್ರತಿಗಳನ್ನು ಗೆದ್ದಲು ತಿಂದು ಎಷ್ಟೋ ಕಾಲವಾಗಿತ್ತಂತೆ. ಅವರು ಅದನ್ನು ತೆರೆಯಲಿಲ್ಲ. ನೆಲದ ಮೇಲಿಟ್ಟು, ಕೈ ಚಾಚಿ, ಅದರ ಉದ್ದಕ್ಕೆ ಗೇಣು ಹಾಕಿದರು. ಕಳೆ ಕಿತ್ತು, ರಾಗಿ ಬೀಸಿದ ಕೈ. ಹೆಬ್ಬೆರಳು ಈ ತುದಿಯಿಂದ ಆಚೆ, ಕಿರುಬೆರಳು ಆ ತುದಿಯಿಂದ ಆಚೆ. ಗೇಜ್ ಬೆಳೆದುಬಿಟ್ಟಿತ್ತು! ಪಿಳ್ಳಮ್ಮ ಒಂದು ಕ್ಷಣ ನೋಡಿದರು. ಆಮೇಲೆ ಬೆರಳುಗಳನ್ನು ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ಮಡಿಸುತ್ತ ಬಂದು, ಎರಡು ತುದಿಯೂ ಪುಸ್ತಕದ ಅಂಚಿಗೆ ಸರಿಯಾಗಿ ಕೂತ ಮೇಲೆ, “ಇಷ್ಟು” ಎಂದರು.

ವರ್ನಿಯರ್ ಮಾವನ ಜೇಬಿನಲ್ಲೇ ಇತ್ತು. ಅವರು ಅದನ್ನು ತೆಗೆಯಲಿಲ್ಲ.

ಇನ್ನು ಸಹಿಯ ವಿಷಯ. ಇದರಿಂದ ಬರುವುದೇನು ಎಂದು ಮುನಿರಾಜು ಕೇಳಿದ. ಹೇಳಿಕೊಳ್ಳುವಷ್ಟು ಏನೂ ಬರುವುದಿಲ್ಲ, ಅದೂ ಇನ್ನು ಮೂರು ತಿಂಗಳ ಮಟ್ಟಿಗೆ ಮಾತ್ರ ಎಂದು ಮಾವ ಪ್ರಾಮಾಣಿಕವಾಗಿ ವಿವರಿಸಿದರು. ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡರು. “ಅಂಗಾದ್ರೆ ಅದು ಅತ್ತೆಗೇ ಇರ್ಲಿ ಬುಡಿ” ಎಂದ ಒಬ್ಬ. “ನಂದೂ ಅದೇ ಮಾತು” ಎಂದ ಇನ್ನೊಬ್ಬ. ಕೋರ್ಟು, ಪಂಚಾಯ್ತಿ, ಲಾಯರುಗಳಿಂದ ಆಗದ ಒಮ್ಮತ ಅಲ್ಲಿ ಒಂದೇ ನಿಮಿಷದಲ್ಲಿ ಆಯಿತು. ಹೀಗೆ ಪಿಳ್ಳಮ್ಮ ತಮ್ಮ ತಂದೆಯ ಆಸ್ತಿಯೊಂದಕ್ಕೆ ಪೂರ್ತಿ ಒಡತಿಯಾದರು.

“ಅಕ್ಕಾರ, ಅಪ್ಪಣೀನೂ ಬಿಟ್ಟಿ ತಗೊಳ್ಳಂಗಿಲ್ಲ. ಸಂಘದಿಂದ ಏನಾರ ಕೊಡಬೇಕಾಗತೈತಿ. ಎಷ್ಟು ಕೊಡೋಣ?” ಎಂದರು ಮಾವ.

ಪಿಳ್ಳಮ್ಮ ಎಡೆಯ ಕಡೆ ನೋಡಿದರು. “ದುಡ್ಡು ಬ್ಯಾಡ ತಮ್ಮಯ್ಯ. ಅಪ್ಪನ ಕಡೇದು ಅಂತ ಒಂದು ಮಡ್ಲಕ್ಕಿ ಕಟ್ಕೊಟ್ಟೀರಾ?”

ತವರಿಂದ ಹೊರಡುವ ಮಗಳ ಸೆರಗಿಗೆ ಕಟ್ಟುವ ಒಂದಿಷ್ಟು ಅಕ್ಕಿ, ಬೆಲ್ಲ, ಕೊಬ್ಬರಿ, ಅಷ್ಟೇ ಅವರು ಕೇಳಿದ್ದು. ಮುನಿರಾಜು ಷರಟಿನ ಗುಂಡಿ ನೋಡಿಕೊಂಡ. ನಂಜಪ್ಪ ಏನೋ ನೆಪ ಹೇಳಿ ಹಿತ್ತಲಿಗೆ ಹೋದ.

ವಾಪಸು ಬರುವಾಗ ದಾರಿಯಲ್ಲಿ ಟಿನ್ ಫ್ಯಾಕ್ಟರಿಯ ಕೂಡುರಸ್ತೆ ಬಂತು. ಅಲ್ಲಿ ಸಿಗ್ನಲ್ಲಿಗೆ ನಿಂತಾಗ ಹಿಂದಿನಿಂದ ಕೇಳಿಸಿತು: “ಜನವರಿ ಒಂದಕ್ಕ ಇದು ಅವರ ಕೈ ತಪ್ಪತೈತಲ್ಲೋ ಅಳಿಯಾ.” ಜನವರಿ ಒಂದನ್ನು ಮಾವ ಈ ಧ್ವನಿಯಲ್ಲಿ ಹೆಸರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಂಘದ ಕಾರ್ಯದರ್ಶಿ ಬುದ್ಧಿವಂತ. ಎರಡು ತಿಂಗಳು ತಡೆದರೆ ಯಾರನ್ನೂ ಕೇಳುವ ಹಾಗೇ ಇಲ್ಲ, ಸಂಕ್ರಾಂತಿಗೆ ಹಂಚೋಣ ಸಾರ್ ಎಂದ. ಮಾವನೇ ಕಲಿಸಿದ ಪಾಠ ಅದು. ಆದರೆ ಸತ್ತವರಿಗಾಗಿ ವರ್ಷಗಟ್ಟಲೆ ತಾಳ್ಮೆಯಿಂದ ಕಾದ ಮನುಷ್ಯ ಈಗ ಒಂದು ವಾರ ಕಾಯಲು ಒಪ್ಪಲಿಲ್ಲ. ಅದು ಒಬ್ಬರದಾಗಿರುವಾಗಲೇ ಅಚ್ಚಾಗಬೇಕು, ಎಲ್ಲರದಾದ ಮೇಲೆ ಯಾರು ಬೇಕಾದರೂ ಹಾಕಿಕೊಳ್ಳಲಿ ಎಂದರು. ಪ್ರೆಸ್ಸಿನವನು ಈ ಅಳತೆಗೆ ಕಾಗದ ಕತ್ತರಿಸಿದರೆ ಬಹಳ ಹಾಳಾಗುತ್ತದೆ, ಸ್ವಲ್ಪ ಉದ್ದ ಇರಲಿ ಎಂದು ಬೇಡಿಕೊಂಡ. ಮಾವ ಕತ್ತರಿಸುವ ಯಂತ್ರದ ಪಕ್ಕದಲ್ಲೇ ನಿಂತು, ಒಂದೊಂದು ಕಟ್ಟನ್ನೂ ಅಳೆದರು. ಎರಡು ಕಟ್ಟು ರಿಜೆಕ್ಟು. ಕಾರ್ಖಾನೆಯ ಅಕೌಂಟ್ಸಿನವರು, ಗೌರವಧನದ ತಲೆಬರಹದ ಕೆಳಗೆ ಕೊಬ್ಬರಿ ಗಿಟುಕನ್ನು ಹೇಗೆ ತೋರಿಸುವುದು ಎಂದು ಫೈಲು ವಾಪಸು ಕಳಿಸಿದರು. ಮಾವ ಅದಕ್ಕೊಂದು ನಾಲ್ಕು ಪುಟದ ಉತ್ತರ ಬರೆದರು. ಅದನ್ನು ಓದುವುದಕ್ಕಿಂತ ಮಂಜೂರು ಮಾಡುವುದು ಸುಲಭವೆಂದು ಅವರು ಮಂಜೂರು ಮಾಡಿದರು.

ರಾಜ್ಯೋತ್ಸವದ ದಿನ ಪಿಳ್ಳಮ್ಮ ಗಂಡನ ಜೊತೆ ಬಸ್ಸಿನಲ್ಲಿ ಬಂದರು. ಕ್ಯಾಂಟೀನಿನ ವೇದಿಕೆಯ ಮೇಲೆ ನಮ್ಮ ಅತ್ತೆ ಅವರ ಸೆರಗಿಗೆ ಮಡಿಲಕ್ಕಿ ತುಂಬಿದರು. ಲೇತು ತಿರುಗಿಸುವ ಅಷ್ಟು ಜನ ಗಂಡಸರು ಕತ್ತು ಚಾಚಿ ನೋಡುತ್ತಿದ್ದರು. ಕೆಲವರು ಆರ್ಕೆಸ್ಟ್ರಾದ ಕಡೆ ನೋಡುತ್ತಿದ್ದರು ಎಂಬುದೂ ನಿಜ. ಪುಸ್ತಕದ ಒಳಪುಟದಲ್ಲಿ ‘ಹಕ್ಕುಗಳು: ಪಿಳ್ಳಮ್ಮ, ಲೇಖಕರ ಮಗಳು’ ಎಂದಿತ್ತು. ಅದನ್ನು ಮಾವ ಬೆರಳಿಟ್ಟು ತೋರಿಸಿದರು. ಅಪ್ಪ ಹೋದ ಮೇಲೆ ಶಾಲೆ ಬಿಟ್ಟಿದ್ದ ಪಿಳ್ಳಮ್ಮ ಒಂದೊಂದೇ ಅಕ್ಷರ ಕೂಡಿಸಿಕೊಂಡು ತಮ್ಮ ಹೆಸರು ಓದಿದರು. ಎರಡು ಮಾತಾಡಿ ಎಂದು ಮೈಕು ಕೊಟ್ಟರು.

“ಇದು ನಮ್ಮಪ್ಪುಂದು. ಈಗ ನಂದು” ಎಂದು ಹೇಳಿ ಕೂತರು. ಸರಿಯಾಗಿ ಎರಡು ಮಾತು.

ಡಿಸೆಂಬರ್ ಬಂತು. ಪ್ರತಿವರ್ಷ ಆ ತಿಂಗಳು ಮಾವನ ಮುಖದಲ್ಲಿ ಹಬ್ಬದ ಕಳೆ. ಈ ಸಲ ಕ್ಯಾಲೆಂಡರಿನ ಹಾಳೆಯನ್ನೇ ನೋಡುತ್ತಿರಲಿಲ್ಲ. ಆ ಹೆಂಗಸಿಗೆ ಹೇಗೆ ಹೇಳಲಿ, ಯಾವಾಗ ಹೇಳಲಿ ಎಂದು ಅತ್ತೆಯ ಹತ್ತಿರ ಗೊಣಗುತ್ತಿದ್ದರಂತೆ. ತಿಂಗಳು ಮುಗಿಯಲು ಇನ್ನೊಂದೆರಡು ದಿನ ಇರುವಾಗ ಬೆಳಗ್ಗೆಯೇ ಪೇಪರು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತ್ತು. ಕೃತಿಸ್ವಾಮ್ಯದ ಅವಧಿ ಇನ್ನು ಮೇಲೆ ಐವತ್ತಲ್ಲ, ಅರವತ್ತು ವರ್ಷ.

ನನಗೆ ಗಾಬರಿಯಾಯಿತು. ಮಾವನ ಫೈಲಿನಲ್ಲಿ ಬಿಡುಗಡೆಗೆ ಕಾದಿದ್ದವರು ಒಬ್ಬಿಬ್ಬರೇ? ತೊಂಬತ್ತೆರಡಕ್ಕೆ ಬರುವವರು, ತೊಂಬತ್ತಮೂರಕ್ಕೆ ಬರುವವರು, ಎಲ್ಲರಿಗೂ ಒಂದೇ ಏಟಿಗೆ ಹತ್ತು ವರ್ಷ ಹೆಚ್ಚಿನ ಶಿಕ್ಷೆ! ಇನ್ನು ಹತ್ತು ಜನವರಿ ಅವರ ಮನೆಯಲ್ಲಿ ಒಬ್ಬರೂ ಹೊರಬರುವುದಿಲ್ಲ. ನಾನು ಕುರ್ಚಿ ಎಳೆದು, ನೀರು ತರಿಸಿದೆ. ಮಾವ ನೀರು ಕುಡಿದು, “ಸರ್ಕಾರಕ್ಕ ಕೊನಿಗೂ ಪಂಚಾಂಗ ತಿಳೀತು ನೋಡು. ಸ್ಕೂಟರ್ ತೆಗಿ” ಎಂದರು.

ಮೂವತ್ತೊಂದರಂದು ಹೊರಟೆವು. ಅತ್ತೆ ಒಂದು ಮಡಿಲಕ್ಕಿಯ ಗಂಟು ಕಟ್ಟಿಕೊಟ್ಟಿದ್ದರು. ಅದನ್ನು ಚೀಲಕ್ಕೆ ಹಾಕಿ ತಗುಲಿಸೋಣವೆಂದರೆ ಮಾವ ಒಪ್ಪದೆ, ತೊಡೆಯ ಮೇಲಿಟ್ಟುಕೊಂಡು ಎರಡು ಕೈಯಲ್ಲೂ ಹಿಡಿದು ಕೂತರು. ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಕೈ ಇಲ್ಲ. ಮುಂದೆ ರಸ್ತೆ ಇಲ್ಲ. ಪೀಣ್ಯದಿಂದ ಮಹದೇವಪುರದ ತನಕ ಸೈಕಲ್ಲಿನವರೆಲ್ಲ ನಮ್ಮನ್ನು ಹಿಂದೆ ಹಾಕಿದರು.

ಪಿಳ್ಳಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮಾವ ವಿಷಯವನ್ನು ಕಲಂ ಸಮೇತ ವಿವರಿಸಿದರು. ವೃಷ ಸಂವತ್ಸರ ಇನ್ನೊಂದು ಸುತ್ತು ತಿರುಗಿ ಬರುವ ತನಕ, ಇನ್ನೂ ಹತ್ತು ವರ್ಷ, ಪುಸ್ತಕ ಅವರದೇ. ಪಿಳ್ಳಮ್ಮ ಗಂಟನ್ನು ಸೆರಗಿಗೆ ತೆಗೆದುಕೊಂಡರು. ಗಂಟು ಸಡಿಲಿಸಿ ಅಕ್ಕಿಯ ಮೇಲೆ ಕೈಯಾಡಿಸಿದರು.

“ಅತ್ತು ವರ್ಸ ಆದ್ಮೇಲೆ?”

“ಆಮ್ಯಾಲೆ ಎಲ್ಲಾರ್ದೂ ಆಗತೈತ್ರಿ ಅಕ್ಕಾರ. ಊರಿಗೆ ಸೇರತೈತಿ.”

“ಊರಿಗೆ ಸೇರ್ಲಿ, ಅಪ್ಪ ಬರ್ದಿದ್ದೇ ಊರಿಗೆ” ಎಂದರು ಪಿಳ್ಳಮ್ಮ. ಆಮೇಲೆ ತಲೆ ಎತ್ತದೆ, “ಅಲ್ಲಿಗೆ ಮಡ್ಲಕ್ಕೀನೂ ನಿಂತೋಯ್ತದೆ ಅನ್ನು” ಎಂದರು.

ಮಾವ ಕನ್ನಡಕ ತೆಗೆದು ಷರಟಿನ ತುದಿಯಲ್ಲಿ ಒರೆಸಿದರು. ಯಾವ ಕಲಮಿನ ಯಾವ ಉಪಕಲಂ ಎಂದು ನಿದ್ದೆಯಲ್ಲೂ ಹೇಳಬಲ್ಲ ಮನುಷ್ಯ, ಈ ಸಲ ಯಾವ ಕಲಮನ್ನೂ ಎತ್ತಲಿಲ್ಲ.

“ಅದಕ್ಕ ಯಾವ ಕಾಯ್ದಿನೂ ಇಲ್ರಿ ಅಕ್ಕಾರ. ಅವಧಿನೂ ಇಲ್ಲ.”

ಮರುದಿನ ಜನವರಿ ಒಂದು. ಯಾರೊಬ್ಬರೂ ಬಿಡುಗಡೆಯಾಗಿರಲಿಲ್ಲ. ಆದರೂ ಅತ್ತೆ ಪಾಯಸ ಮಾಡಿದ್ದರು. ಮಾವ ಇನ್ನೊಂದು ಸಲ ಹಾಕಿಸಿಕೊಂಡರು.